ಎಷ್ಟು ಜನ ಬೇಕು? ಸಣ್ಣ, ಮಧ್ಯಮ, ದೊಡ್ಡ ಸಂಸ್ಥೆಗಳಿಗೆ ಸಿಬ್ಬಂದಿ ಯೋಜನೆಯ ಸಮಗ್ರ ಮಾರ್ಗದರ್ಶಿ

ಬಹುಪಾಲು ಸಂಸ್ಥೆಗಳಲ್ಲಿ ಸಿಬ್ಬಂದಿ ಯೋಜನೆ ಎಂದರೆ ಬಜೆಟ್ ಸಮಯದಲ್ಲಿ ನಡೆಯುವ ಒಂದು ಚೌಕಾಸಿ. ವಿಭಾಗದ ಮುಖ್ಯಸ್ಥರು ಐವರನ್ನು ಕೇಳುತ್ತಾರೆ. ಮೂವರು ಸಿಕ್ಕರೆ ಸಾಕು ಎಂದು ಮನಸ್ಸಿನಲ್ಲೇ ಅಂದುಕೊಂಡಿರುತ್ತಾರೆ. ಹಣಕಾಸು ವಿಭಾಗದವರಿಗೂ ಅದು ಗೊತ್ತು, ಅವರು ಇಬ್ಬರಿಗೆ ಒಪ್ಪುತ್ತಾರೆ. ಹೀಗೆ ಕಳೆದ ವರ್ಷದ ಸಂಖ್ಯೆಗೆ ಎರಡು ಕೂಡಿಸಿ ಅದಕ್ಕೆ ಯೋಜನೆ ಎಂದು ಹೆಸರಿಟ್ಟು ಸಹಿ ಹಾಕಲಾಗುತ್ತದೆ. ಆ ಇಬ್ಬರು ಯಾವ ಕೆಲಸ ಮಾಡಬೇಕು, ಯಾವಾಗಿನಿಂದ ಮಾಡಬೇಕು, ಅವರಿಲ್ಲದಿದ್ದರೆ ಏನು ನಿಲ್ಲುತ್ತದೆ ಎಂಬ ಪ್ರಶ್ನೆಗಳು ಇಡೀ ಮಾತುಕತೆಯಲ್ಲಿ ಒಮ್ಮೆಯೂ ಬಂದಿರುವುದಿಲ್ಲ.

ಇಲ್ಲಿ ಹೇಳುವ ದಾರಿಯಲ್ಲಿ ಜನರ ಸಂಖ್ಯೆ ಕೊನೆಗೆ ಬರುತ್ತದೆ. ಮೊದಲು ಕೆಲಸವನ್ನು ಎಣಿಸಬೇಕು, ಅದನ್ನು ಗಂಟೆಗಳಿಗೆ ಇಳಿಸಬೇಕು, ಆಮೇಲೆ ಗಂಟೆಗಳನ್ನು ಹುದ್ದೆಗಳಾಗಿ ಬದಲಾಯಿಸಬೇಕು. ಮೊದಲ ಮೂರು ಹೆಜ್ಜೆಗಳು ಎಲ್ಲ ಗಾತ್ರದ ಸಂಸ್ಥೆಗಳಿಗೂ ಒಂದೇ. ನಾಲ್ಕನೆಯದರಲ್ಲಿ ದಾರಿ ಕವಲೊಡೆಯುತ್ತದೆ. ಎಂಟು ಜನರ ಸಂಸ್ಥೆಯಲ್ಲಿ ಶೇಕಡಾವಾರು ಲೆಕ್ಕಗಳು ದಾರಿ ತಪ್ಪಿಸುತ್ತವೆ. ಎರಡು ಸಾವಿರ ಜನರ ಸಂಸ್ಥೆಯಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ಯೋಚಿಸಲು ಆಗುವುದಿಲ್ಲ. ಸಿಬ್ಬಂದಿ ಯೋಜನೆಗೆಂದೇ 2016ರಲ್ಲಿ ಬಂದ ಐಎಸ್‌ಒ 30409 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಯಾವ ಗಾತ್ರದ ಸಂಸ್ಥೆಗಾದರೂ ಹೊಂದಿಸಿಕೊಳ್ಳಬಹುದಾದ ಚೌಕಟ್ಟು ಎಂದು ಅದು ಹೇಳಿಕೊಳ್ಳುತ್ತದೆ. ಚೌಕಟ್ಟೇನೋ ಸರಿ, ಒಳಗಿನ ಲೆಕ್ಕವನ್ನು ನೀವೇ ಮಾಡಬೇಕು.

ಹೆಜ್ಜೆ 1: ಕೆಲಸವನ್ನು ಎಣಿಸಿ

ಒಂದು ವಿಭಾಗವನ್ನು ತೆಗೆದುಕೊಂಡು ಅಲ್ಲಿ ವರ್ಷವಿಡೀ ಏನೇನು ನಡೆಯುತ್ತದೆ ಎಂದು ಪಟ್ಟಿ ಮಾಡಿ. ಹುದ್ದೆಗಳ ಹೆಸರು ಬೇಡ, ಕೆಲಸಗಳ ಹೆಸರು ಬರೆಯಿರಿ: ಅರ್ಜಿ ಪರಿಶೀಲನೆ, ಬಿಲ್ ತಯಾರಿ, ಯಂತ್ರಗಳ ನಿರ್ವಹಣೆ, ಗ್ರಾಹಕರ ಕರೆ, ತಿಂಗಳ ವರದಿ. ಪ್ರತಿಯೊಂದರ ಮುಂದೆ ಎರಡು ಸಂಖ್ಯೆಗಳು ಬೇಕು: ತಿಂಗಳಿಗೆ ಎಷ್ಟು ಬಾರಿ, ಒಂದಕ್ಕೆ ಎಷ್ಟು ಹೊತ್ತು.

ಎರಡನೆಯ ಸಂಖ್ಯೆಯನ್ನು ಕೇಳಿ ತಿಳಿದುಕೊಳ್ಳಲು ಹೋಗಬೇಡಿ. ಒಂದು ಕಡತಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೇಲಧಿಕಾರಿಯನ್ನು ಕೇಳಿದರೆ ಹತ್ತು ನಿಮಿಷ ಎನ್ನುತ್ತಾರೆ, ಮಾಡುವವರನ್ನು ಕೇಳಿದರೆ ಮುಕ್ಕಾಲು ಗಂಟೆ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರಿಗೆ ಸಲೀಸಾಗಿ ಮುಗಿದ ಕಡತ ನೆನಪಿದೆ, ಇನ್ನೊಬ್ಬರಿಗೆ ಕಾಡಿಸಿದ ಕಡತ. ಎರಡು ವಾರ ಮೂರ್ನಾಲ್ಕು ಮಂದಿಯಿಂದ ಕೆಲಸ ಹಿಡಿದ ಹೊತ್ತು, ಮುಗಿಸಿದ ಹೊತ್ತು ಬರೆಸಿಡಿ. ಬಂದ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ಆರಿಸಿ. ಸರಾಸರಿಯನ್ನು ಒಂದೆರಡು ವಿಪರೀತ ಪ್ರಕರಣಗಳು ಎಳೆದಾಡುತ್ತವೆ. ಆ ವಿಪರೀತಗಳು ಪದೇ ಪದೇ ಬರುತ್ತಿದ್ದರೆ ಅವು ಬೇರೆಯೇ ಬಗೆಯ ಕೆಲಸ ಎಂದು ತಿಳಿದು ಅದಕ್ಕೊಂದು ಪ್ರತ್ಯೇಕ ಸಾಲು ಕೊಡಿ. ಅಳತೆ ಯಾರ ವೇಗವನ್ನೂ ಪರೀಕ್ಷಿಸಲು ಅಲ್ಲ ಎಂದು ಮೊದಲೇ ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಒಮ್ಮೆ ಈ ಹಾಳೆ ಯಾರದೋ ವಾರ್ಷಿಕ ಮೌಲ್ಯಮಾಪನದಲ್ಲಿ ಕಾಣಿಸಿಕೊಂಡರೆ ಮುಂದೆಂದೂ ನಿಮಗೆ ನಿಜವಾದ ಸಂಖ್ಯೆ ಸಿಗುವುದಿಲ್ಲ.

ಈ ವಿಧಾನ ಹೊಸದೇನಲ್ಲ. ಆಸ್ಪತ್ರೆ ಮತ್ತು ಆರೋಗ್ಯ ಕೇಂದ್ರಗಳಿಗೆ ಎಷ್ಟು ಸಿಬ್ಬಂದಿ ಬೇಕೆಂದು ಲೆಕ್ಕ ಹಾಕಲು ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಒಂದು ಕೈಪಿಡಿ ತಂದಿತು. 2010ರಲ್ಲಿ ಅದರ ಪರಿಷ್ಕೃತ ರೂಪ ಬಂತು. ಇಷ್ಟು ಜನಸಂಖ್ಯೆಗೆ ಇಷ್ಟು ದಾದಿಯರು ಎಂಬ ಸಿದ್ಧ ಅನುಪಾತವನ್ನು ಬದಿಗಿಟ್ಟು, ಆ ಕೇಂದ್ರದಲ್ಲಿ ನಿಜವಾಗಿ ನಡೆಯುವ ಕೆಲಸ ಮತ್ತು ಅದಕ್ಕೆ ಹಿಡಿಯುವ ಸಮಯದಿಂದ ಹೊರಡುವುದೇ ಅದರ ತಿರುಳು. ಆರೋಗ್ಯ ಕ್ಷೇತ್ರದ ಹೊರಗೂ ಅದು ಅಷ್ಟೇ ಚೆನ್ನಾಗಿ ನಡೆಯುತ್ತದೆ.

ಹೆಜ್ಜೆ 2: ಒಬ್ಬರ ವರ್ಷದಲ್ಲಿ ನಿಜವಾಗಿ ಎಷ್ಟು ಗಂಟೆಗಳಿವೆ?

ವಾರಕ್ಕೆ 5 ದಿನದಂತೆ ವರ್ಷಕ್ಕೆ 260 ದಿನ. ಉದಾಹರಣೆಗೆ ಸಾರ್ವತ್ರಿಕ ರಜೆ 10, ಸ್ವಂತ ರಜೆ 20, ಅನಾರೋಗ್ಯ 6, ತರಬೇತಿ 4 ದಿನ ಕಳೆದರೆ ಉಳಿಯುವುದು 220. ದಿನಕ್ಕೆ 8 ಗಂಟೆಯಂತೆ 1,760 ಗಂಟೆಗಳ ಹಾಜರಾತಿ. ಇದರಲ್ಲಿ ಸಭೆ, ಇಮೇಲ್, ವಿರಾಮ, ಹೊಸಬರಿಗೆ ಹೇಳಿಕೊಡುವುದು ಎಲ್ಲ ಸೇರಿ ದಿನಕ್ಕೆ 2 ಗಂಟೆ ಹೋಯಿತೆನ್ನಿ. ಪಟ್ಟಿಯಲ್ಲಿರುವ ಕೆಲಸಕ್ಕೆ ಸಿಗುವುದು 1,320 ಗಂಟೆ. ಈ ಸಂಖ್ಯೆಗಳ ಜಾಗದಲ್ಲಿ ನಿಮ್ಮ ಹಾಜರಾತಿ ಪುಸ್ತಕದ ಸಂಖ್ಯೆಗಳನ್ನು ಹಾಕಿಕೊಳ್ಳಿ.

ಈಗ ಒಂದು ವಿಭಾಗಕ್ಕೆ ತಿಂಗಳಿಗೆ 1,800 ಅರ್ಜಿಗಳು ಬರುತ್ತವೆ, ಒಂದಕ್ಕೆ 25 ನಿಮಿಷ ಎಂದಿಟ್ಟುಕೊಳ್ಳಿ. ತಿಂಗಳಿಗೆ 750 ಗಂಟೆ, ವರ್ಷಕ್ಕೆ 9,000 ಗಂಟೆ ಕೆಲಸ. ಯಾರೂ ರಜೆ ಹಾಕುವುದಿಲ್ಲ, ಯಾರೂ ಸಭೆಗೆ ಹೋಗುವುದಿಲ್ಲ ಎಂದು ಭಾವಿಸಿ 260 ದಿನ, 8 ಗಂಟೆಯ ಲೆಕ್ಕ ಹಿಡಿದರೆ 4.3 ಜನ ಸಾಕು. 1,320 ಗಂಟೆಯ ಲೆಕ್ಕದಲ್ಲಿ 6.8 ಜನ ಬೇಕು. ನಡುವೆ ಬಿಟ್ಟುಹೋದ ಎರಡೂವರೆ ಜನರ ಕೆಲಸವನ್ನು ಯಾರೋ ರಾತ್ರಿ ಒಂಬತ್ತರವರೆಗೆ ಕುಳಿತು ಮಾಡುತ್ತಿರುತ್ತಾರೆ. ಹಲವು ಕಚೇರಿಗಳಲ್ಲಿ ಇದಕ್ಕೆ ‘ಬದ್ಧತೆ’ ಎಂಬ ಹೆಸರಿದೆ.

ದಿನದ ಇಪ್ಪತ್ತನಾಲ್ಕು ಗಂಟೆಯೂ ಯಾರಾದರೂ ಇರಲೇಬೇಕಾದ ಜಾಗಗಳ ಲೆಕ್ಕ ಬೇರೆ. ಭದ್ರತಾ ದ್ವಾರ, ನಿಯಂತ್ರಣ ಕೊಠಡಿ, ತುರ್ತು ವಾರ್ಡ್ ಮುಂತಾದ ಕಡೆ ಕೆಲಸ ಬಂದರೂ ಬರದಿದ್ದರೂ ಕುರ್ಚಿ ಖಾಲಿ ಇರುವಂತಿಲ್ಲ. ಮೂರು ಪಾಳಿ, ಆದ್ದರಿಂದ ಮೂವರು. ವಾರದ ರಜೆಗೆ ಇನ್ನೊಬ್ಬರು, ಒಟ್ಟು ನಾಲ್ವರು ಎಂಬುದು ವಾಡಿಕೆಯ ಎಣಿಕೆ. ಆದರೆ ವರ್ಷದಲ್ಲಿರುವುದು 8,760 ಗಂಟೆ. ಒಬ್ಬರ ಹಾಜರಾತಿ 1,760 ಗಂಟೆಯಾದರೆ ಒಂದು ಕುರ್ಚಿಗೆ 4.98, ಅಂದರೆ ಐವರು ಬೇಕು. ಪಾಳಿ ಬದಲಾಗುವಾಗ ಕೆಲಸ ಒಪ್ಪಿಸಲು ಹದಿನೈದು ನಿಮಿಷ ಸೇರಿಸಿದರೆ ಐವರೂ ಸಾಲುವುದಿಲ್ಲ.

ಹೆಜ್ಜೆ 3: ಬಿಡುವಿಗೂ ಜಾಗ ಇಡಿ

6.8 ಬಂದರೆ 7 ಎಂದು ಬರೆದು ಮುಗಿಸುವ ಆಸೆಯಾಗುತ್ತದೆ. ಕೆಲಸ ಪ್ರತಿದಿನ ಒಂದೇ ಸಮನೆ ಬಂದಿದ್ದರೆ ಅದು ಸರಿಯಾಗುತ್ತಿತ್ತು. ನಿಜದಲ್ಲಿ ಸೋಮವಾರ ರಾಶಿ ಬೀಳುತ್ತದೆ, ಬುಧವಾರ ಮೇಜು ಖಾಲಿ. ಈ ಏರಿಳಿತದ ಗಣಿತವನ್ನು ಮೊದಲು ಗಂಭೀರವಾಗಿ ಹಿಡಿದವರು ಕೋಪನ್‌ಹೇಗನ್‌ನ ದೂರವಾಣಿ ಕಂಪನಿಯಲ್ಲಿದ್ದ ಎ. ಕೆ. ಎರ್ಲಾಂಗ್. 1917ರಲ್ಲಿ ಪ್ರಕಟವಾದ ಅವರ ಸೂತ್ರಗಳನ್ನು ಕಾಲ್ ಸೆಂಟರ್‌ಗಳು ಇಂದಿಗೂ ಬಳಸುತ್ತವೆ.

ಸಾರ ಇಷ್ಟು. ಒಬ್ಬರೇ ಇರುವ ಕೌಂಟರ್. ಬರುವವರಿಗೆ ಗೊತ್ತಾದ ಹೊತ್ತಿಲ್ಲ, ಒಬ್ಬೊಬ್ಬರ ಕೆಲಸಕ್ಕೂ ಹಿಡಿಯುವ ಸಮಯ ಬೇರೆ. ಇಂಥ ಸಾಮಾನ್ಯ ಮಾದರಿಯಲ್ಲಿ ಕೌಂಟರಿನವರು ಶೇ. 80ರಷ್ಟು ಹೊತ್ತು ಕೆಲಸದಲ್ಲಿದ್ದರೆ, ಬಂದವರು ಸರಾಸರಿ ಕಾಯುವ ಹೊತ್ತು ಒಂದು ಕೆಲಸಕ್ಕೆ ಹಿಡಿಯುವ ಹೊತ್ತಿನ 4 ಪಟ್ಟು. ಶೇ. 90ಕ್ಕೆ ಅದು 9 ಪಟ್ಟು, ಶೇ. 95ಕ್ಕೆ 19 ಪಟ್ಟು. ಸಿಬ್ಬಂದಿಯನ್ನು ಪೂರ್ತಿ ದುಡಿಸುತ್ತಿದ್ದೇವೆ ಎಂದು ಹೆಮ್ಮೆಪಡುವ ಕಚೇರಿಯ ಹೊರಗೆ ಸಾಲು ಏಕೆ ಕರಗುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ.

ಗಾತ್ರ ಮೊದಲು ತನ್ನ ಆಟ ತೋರಿಸುವುದೂ ಇಲ್ಲೇ. ಕಾಯಿಸಬಾರದ ಸೇವೆಗಳಿಗೆ ಒಂದು ಸ್ಥೂಲ ನಿಯಮವಿದೆ: ಕೆಲಸದ ಹೊರೆ ಎಷ್ಟು ಜನರಷ್ಟಿದೆಯೋ ಅದರ ವರ್ಗಮೂಲದಷ್ಟು ಜನರನ್ನು ಮೇಲೆ ಇಟ್ಟುಕೊಳ್ಳಿ. ಹೊರೆ 100 ಜನರಷ್ಟಿದ್ದರೆ ಹೆಚ್ಚುವರಿ 10, ಒಟ್ಟು 110. ಹೊರೆ 4 ಜನರಷ್ಟಿದ್ದರೆ ಹೆಚ್ಚುವರಿ 2, ಒಟ್ಟು 6. ದೊಡ್ಡ ತಂಡದಲ್ಲಿ ಒಂದು ಕಡೆಯ ಏರಿಕೆಯನ್ನು ಇನ್ನೊಂದು ಕಡೆಯ ಇಳಿಕೆ ನುಂಗಿಕೊಳ್ಳುತ್ತದೆ. ಸಣ್ಣ ತಂಡಕ್ಕೆ ಆ ಭಾಗ್ಯವಿಲ್ಲ. ಆದ್ದರಿಂದ ಕೇಂದ್ರ ಕಚೇರಿಯ ಅನುಪಾತವನ್ನು ನಾಲ್ಕು ಜನರ ಶಾಖೆಗೆ ಹೇರಿ ‘ನಿಮ್ಮಲ್ಲಿ ಜನ ಹೆಚ್ಚು’ ಎನ್ನುವುದು ಅನ್ಯಾಯ. ಅದೇ 100 ಜನರ ಹೊರೆಯನ್ನು ನಾಲ್ಕು ಜನರ 25 ತಂಡಗಳಾಗಿ ಒಡೆದರೆ 110ರ ಬದಲು 150 ಜನ ಬೇಕಾಗುತ್ತಾರೆ. ತಂಡಗಳನ್ನು ಮರುಜೋಡಿಸುವ ಉತ್ಸಾಹದಲ್ಲಿರುವವರು ಈ 40ನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದೇ ಇಲ್ಲ.

ನಮ್ಮ ಅರ್ಜಿ ವಿಭಾಗದಲ್ಲಿ ಒಂದೆರಡು ದಿನ ಕಾದರೆ ಪ್ರಮಾದವಿಲ್ಲ. ಇಂಥ ಕಡೆ ಶೇ. 85ರ ಮಿತಿ ಇಟ್ಟುಕೊಳ್ಳಬಹುದು: 6.8ನ್ನು 0.85ರಿಂದ ಭಾಗಿಸಿದರೆ 8. ಬೇಡಿಕೆ ಎಂಟು ಹುದ್ದೆ.

ಹೆಜ್ಜೆ 4: ಇರುವವರನ್ನು ನೋಡಿ

ಬೇಡಿಕೆ ಗೊತ್ತಾಯಿತು. ಮುಂದಿನ ವರ್ಷ ಇದೇ ಹೊತ್ತಿಗೆ ನಿಮ್ಮಲ್ಲಿ ಯಾರಿರುತ್ತಾರೆ?

*ಸಣ್ಣ ಸಂಸ್ಥೆ (ಸುಮಾರು 25 ಜನರವರೆಗೆ).* ವರ್ಷಕ್ಕೆ ಶೇ. 12 ಜನ ಬಿಟ್ಟು ಹೋಗುತ್ತಾರೆ ಎಂಬ ಅಂದಾಜನ್ನು ಎಂಟು ಜನರ ಸಂಸ್ಥೆಗೆ ಹಚ್ಚಿ ನೋಡಿ. ಲೆಕ್ಕಕ್ಕೆ ಸುಮಾರು ಒಬ್ಬರು. ಆದರೆ ಒಬ್ಬರ ನಿರ್ಧಾರ ಇನ್ನೊಬ್ಬರನ್ನು ತಟ್ಟುವುದಿಲ್ಲ ಎಂದು ಹಿಡಿದರೂ, ಯಾರೂ ಹೋಗದಿರುವ ಸಾಧ್ಯತೆ ಶೇ. 36, ಒಬ್ಬರು ಹೋಗುವುದು ಶೇ. 39, ಇಬ್ಬರು ಅಥವಾ ಹೆಚ್ಚು ಜನ ಹೋಗುವುದು ಶೇ. 25. ಇಬ್ಬರು ಹೋದರೆ ಸಂಸ್ಥೆಯ ಕಾಲು ಭಾಗವೇ ಹೋದಂತೆ. ಇಲ್ಲಿ ಸರಾಸರಿಯಿಂದ ಏನೂ ಗಿಟ್ಟುವುದಿಲ್ಲ.

ಸಣ್ಣ ಸಂಸ್ಥೆಗೆ ಬೇಕಾದ ಸಾಧನ ಒಂದೇ ಒಂದು ಹಾಳೆ. ಅಡ್ಡಕ್ಕೆ ಜನರ ಹೆಸರು, ಉದ್ದಕ್ಕೆ ಕೆಲಸಗಳು. ಸ್ವತಂತ್ರವಾಗಿ ಮಾಡಬಲ್ಲವರಿಗೆ 2, ಯಾರಾದರೂ ಜೊತೆಗಿದ್ದರೆ ಮಾಡಬಲ್ಲವರಿಗೆ 1, ಬಾರದವರಿಗೆ 0. ಮಾಲೀಕರ ಹೆಸರೂ ಅದರಲ್ಲಿರಲಿ. ಅವರ ಗಂಟೆಗಳೂ ಗಂಟೆಗಳೇ. ಹಾಳೆ ತುಂಬಿದ ಮೇಲೆ ಒಂದೇ ಒಂದು 2 ಇರುವ ಸಾಲುಗಳನ್ನು ಹುಡುಕಿ. ಸಂಬಳ ಪಾವತಿ, ಸರ್ವರ್‌ನ ಪಾಸ್‌ವರ್ಡ್, ಅತಿದೊಡ್ಡ ಗ್ರಾಹಕರೊಂದಿಗಿನ ಸಂಪರ್ಕ ಇವು ಸಾಮಾನ್ಯವಾಗಿ ಅಲ್ಲಿ ಸಿಗುತ್ತವೆ. ಆ ಸಾಲುಗಳಲ್ಲಿರುವ ಒಂದೊಂದು 1ನ್ನು 2 ಮಾಡುವುದೇ ನಿಮ್ಮ ಈ ವರ್ಷದ ಸಿಬ್ಬಂದಿ ಯೋಜನೆ. ಇದಕ್ಕೆ ನೇಮಕಾತಿ ಬೇಕಿಲ್ಲ, ತಿಂಗಳಿಗೆ ಕೆಲವು ಗಂಟೆಗಳ ಕಲಿಕೆ ಸಾಕು. ಕಲಿತದ್ದು ನಿಜವೇ ಎಂದು ನೋಡಬೇಕಾದರೆ ಮೂಲ ವ್ಯಕ್ತಿಗೆ ಎರಡು ವಾರ ರಜೆ ಕೊಡಿ, ಆ ಎರಡು ವಾರ ಅವರಿಗೆ ಫೋನ್ ಮಾಡಬೇಡಿ.

ಹೊಸಬರನ್ನು ತೆಗೆದುಕೊಳ್ಳಲೇಬೇಕಾದಾಗ ಹುದ್ದೆಯ ಹೆಸರಿನಿಂದ ಆರಂಭಿಸದೆ ಹಾಳೆಯಲ್ಲಿ ಹೊರೆ ಹೆಚ್ಚಿರುವ, ಒಟ್ಟಿಗೆ ಹೊಂದುವ ಮೂರ್ನಾಲ್ಕು ಸಾಲುಗಳನ್ನು ಕಟ್ಟಿ ಒಂದು ಹುದ್ದೆ ಮಾಡಿ. ವಾರಕ್ಕೆ ಹತ್ತು ಗಂಟೆಯಷ್ಟೇ ಇರುವ ಲೆಕ್ಕಪತ್ರದಂಥ ಕೆಲಸವನ್ನು ಹೊರಗಿನವರಿಗೆ ಅಥವಾ ಅರೆಕಾಲಿಕರಿಗೆ ಬಿಡುವುದು ಲೇಸು.

*ಮಧ್ಯಮ ಸಂಸ್ಥೆ (ಸುಮಾರು 50ರಿಂದ 300 ಜನ).* ನನ್ನ ಪ್ರಕಾರ ಅತಿ ಕಷ್ಟದ ಗಾತ್ರ ಇದೇ. ಎಲ್ಲರನ್ನೂ ಹೆಸರು ಹಿಡಿದು ಬಲ್ಲವರು ಯಾರೂ ಇರುವುದಿಲ್ಲ, ಅಂಕಿಅಂಶಗಳ ಮೇಲೆ ನಿಲ್ಲುವಷ್ಟು ಜನವೂ ಇರುವುದಿಲ್ಲ.

ಮೊದಲ ಕೆಲಸ, ಹುದ್ದೆಯನ್ನು ವ್ಯಕ್ತಿಯಿಂದ ಬೇರ್ಪಡಿಸುವುದು. ಪ್ರತಿ ಹುದ್ದೆಗೂ ಒಂದು ಸಂಖ್ಯೆ ಕೊಡಿ. ವ್ಯಕ್ತಿ ಬಂದರೂ ಹೋದರೂ ಆ ಸಂಖ್ಯೆ ಉಳಿಯಲಿ. ಆಗ ಮಾತ್ರ ಎಷ್ಟು ಹುದ್ದೆಗಳಿವೆ, ಎಷ್ಟು ಖಾಲಿ, ಎಷ್ಟು ದಿನದಿಂದ ಖಾಲಿ ಎಂದು ಹೇಳಲು ಬರುತ್ತದೆ. ನಂತರ ಪ್ರತಿ ಹುದ್ದೆಯ ಬಗ್ಗೆ ಒಂದೇ ಪ್ರಶ್ನೆ ಕೇಳಿ: ಇದು ಮೂವತ್ತು ದಿನ ಖಾಲಿ ಇದ್ದರೆ ಏನು ನಿಲ್ಲುತ್ತದೆ? ಉತ್ತರ ಹುದ್ದೆಯ ದರ್ಜೆಯನ್ನು ಅನುಸರಿಸುವುದಿಲ್ಲ. ಉಪಾಧ್ಯಕ್ಷರಿಲ್ಲದೆ ತಿಂಗಳು ನಡೆದುಹೋಗಬಹುದು, ಗುಣಮಟ್ಟದ ಪ್ರಮಾಣಪತ್ರಕ್ಕೆ ಸಹಿ ಹಾಕುವ ಒಬ್ಬ ತಂತ್ರಜ್ಞರಿಲ್ಲದಿದ್ದರೆ ಮೂರನೆಯ ದಿನವೇ ಸರಕು ಗೋದಾಮಿನಲ್ಲಿ ನಿಲ್ಲಬಹುದು. ನಿಲ್ಲಿಸುವ ಹುದ್ದೆಗಳ ಪಟ್ಟಿ ಚಿಕ್ಕದಾಗಿರಲಿ. ಅವುಗಳಿಗೆ ಮಾತ್ರ ಹೆಸರು ಹಿಡಿದು ಉತ್ತರಾಧಿಕಾರಿಯನ್ನು ಗುರುತಿಸಿ.

ಎರಡನೆಯದು, ಬಡ್ತಿಯ ಗುಪ್ತ ವೆಚ್ಚ. ಹತ್ತು ಜನರ ತಂಡ ಇಪ್ಪತ್ತಾದಾಗ ಅತ್ಯುತ್ತಮ ಕೆಲಸಗಾರರೊಬ್ಬರನ್ನು ಮ್ಯಾನೇಜರ್ ಮಾಡುತ್ತಾರೆ. ಅವರು ಹಿಂದೆ ಮಾಡುತ್ತಿದ್ದ ಕೆಲಸ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಎಂಟು ಜನರೊಂದಿಗೆ ವಾರಕ್ಕೆ ಅರ್ಧ ಗಂಟೆ ಕುಳಿತರೆ 4 ಗಂಟೆ. ಕೆಲಸ ಹಂಚುವುದು, ಪರಿಶೀಲಿಸುವುದು, ಸಂದರ್ಶನ, ರಜೆ ಮಂಜೂರಾತಿ ಎಲ್ಲ ಸೇರಿದರೆ ವಾರದ ಅರ್ಧ ಹೋಗುತ್ತದೆ. ಆ ಅರ್ಧವನ್ನು ಮೊದಲ ಹೆಜ್ಜೆಯ ಪಟ್ಟಿಯಲ್ಲಿ ಒಂದು ಸಾಲಾಗಿ ಬರೆಯಿರಿ.

ಇನ್ನು ಚೌಕಾಸಿಯ ವಿಷಯ. ವಿಭಾಗ ಮುಖ್ಯಸ್ಥರು ಐವರು ಬೇಕೆಂದಾಗ ಏಕೆ ಎಂದು ಕೇಳಬೇಡಿ, ಅದಕ್ಕೆ ಅವರಲ್ಲಿ ಸಿದ್ಧ ಭಾಷಣವಿರುತ್ತದೆ. ‘ಇಬ್ಬರೇ ಸಿಕ್ಕರೆ ಪಟ್ಟಿಯ ಯಾವ ಸಾಲನ್ನು ಬಿಡುತ್ತೀರಿ?’ ಎಂದು ಕೇಳಿ. ತಕ್ಷಣ ಉತ್ತರ ಬಂದರೆ ಆ ಕೆಲಸ ಬೇಕೇ ಎಂದು ಯೋಚಿಸಬಹುದು. ಬರದಿದ್ದರೆ, ಪ್ರತಿ ಸಾಲಿನ ಗಂಟೆಯನ್ನೂ ತೋರಿಸಿದರೆ, ಐವರೂ ಬೇಕಾಗಿರಬಹುದು.

*ದೊಡ್ಡ ಸಂಸ್ಥೆ.* ಅದೇ ಶೇ. 12 ಇಲ್ಲಿ ಬೇರೆಯೇ ರೀತಿ ವರ್ತಿಸುತ್ತದೆ. ಎರಡು ಸಾವಿರ ಜನರಲ್ಲಿ ಸರಾಸರಿ 240 ಮಂದಿ ಹೋಗುತ್ತಾರೆ. ಕೇವಲ ಆಕಸ್ಮಿಕದ ಏರಿಳಿತವಾದರೆ ಹೆಚ್ಚುಕಡಿಮೆ 210ರಿಂದ 270ರ ಒಳಗೇ ಇರುತ್ತದೆ. ಯಾರು ಹೋಗುತ್ತಾರೆ ಎಂದು ಗೊತ್ತಾಗದಿದ್ದರೂ ಎಷ್ಟು ಮಂದಿ ಎಂದು ಮೊದಲೇ ಹೇಳಬಹುದು, ಅಷ್ಟಕ್ಕೆ ಮೊದಲೇ ನೇಮಕಾತಿ ಆರಂಭಿಸಬಹುದು. ಆದರೆ ಇಡೀ ಸಂಸ್ಥೆಗೆ ಒಂದೇ ಪ್ರಮಾಣ ಸಾಲದು. ಸೇರಿದ ಮೊದಲ ವರ್ಷದವರು, ಹತ್ತು ವರ್ಷ ದಾಟಿದವರು, ನಿವೃತ್ತಿ ಹತ್ತಿರವಿರುವವರು ಹೀಗೆ ಗುಂಪು ಮಾಡಿ ಬೇರೆ ಬೇರೆ ಪ್ರಮಾಣ ತೆಗೆಯಿರಿ.

ಆಮೇಲೆ ಹರಿವಿನ ಪಟ್ಟಿ. ಕಿರಿಯ ದರ್ಜೆಯಲ್ಲಿ 400, ಮಧ್ಯಮದಲ್ಲಿ 200, ಹಿರಿಯದಲ್ಲಿ 60 ಜನರಿರಲಿ. ಕಿರಿಯರಲ್ಲಿ ವರ್ಷಕ್ಕೆ ಶೇ. 12 ಮೇಲೇರುತ್ತಾರೆ, ಶೇ. 18 ಬಿಟ್ಟು ಹೋಗುತ್ತಾರೆ. ಮಧ್ಯಮದಲ್ಲಿ ಶೇ. 5 ಮೇಲೇರುತ್ತಾರೆ, ಶೇ. 15 ಹೋಗುತ್ತಾರೆ. ಹಿರಿಯರಲ್ಲಿ ಶೇ. 10 ಹೋಗುತ್ತಾರೆ. ಒಂದು ವರ್ಷ ಕಳೆದರೆ ಕಿರಿಯರು 280, ಮಧ್ಯಮ 208, ಹಿರಿಯರು 64. ಹಿರಿಯ ಹುದ್ದೆಗಳನ್ನು ಹೆಚ್ಚಿಸಬೇಕೆಂದು ಯಾರೂ ತೀರ್ಮಾನಿಸಲಿಲ್ಲ, ಆದರೂ ಹೆಚ್ಚಿದವು. ಕಿರಿಯ ದರ್ಜೆ ಇದ್ದಂತೆಯೇ ಇರಬೇಕಾದರೆ ವರ್ಷಕ್ಕೆ 120 ಜನರನ್ನು ತೆಗೆದುಕೊಳ್ಳಬೇಕು.

ಈಗ ಖರ್ಚು ಉಳಿಸಲು ಎರಡು ವರ್ಷ ನೇಮಕಾತಿಯನ್ನೇ ನಿಲ್ಲಿಸಿದರು ಎನ್ನೋಣ. ಮಧ್ಯಮ ದರ್ಜೆ ಮೊದಲ ವರ್ಷದ ಕೊನೆಗೆ 208, ಎರಡನೆಯ ವರ್ಷ 200, ಮೂರನೆಯ ವರ್ಷ 184. ಮೊದಲ ವರ್ಷ ಎಲ್ಲರೂ ಬೆನ್ನು ತಟ್ಟಿಕೊಂಡಿರುತ್ತಾರೆ. ಅನುಭವಿಗಳ ಕೊರತೆ ಕಾಣಿಸಿಕೊಳ್ಳುವ ಹೊತ್ತಿಗೆ ನಿರ್ಧಾರ ಮಾಡಿದವರು ಬೇರೆ ಕುರ್ಚಿಗೆ ಹೋಗಿರುತ್ತಾರೆ. ಸಾಧಾರಣ ಎಕ್ಸೆಲ್ ಹಾಳೆಯಲ್ಲಿ ಅರ್ಧ ಗಂಟೆಯಲ್ಲಿ ಮಾಡಬಹುದಾದ ಈ ಲೆಕ್ಕವನ್ನು ನೇಮಕಾತಿ ತಡೆಯ ಆದೇಶದ ಜೊತೆಗೇ ಲಗತ್ತಿಸುವ ನಿಯಮವಿದ್ದರೆ ಎಷ್ಟೋ ಆದೇಶಗಳು ಹೊರಡುತ್ತಲೇ ಇರಲಿಲ್ಲ.

ಒಂದು ಎಚ್ಚರಿಕೆ: ದೊಡ್ಡ ಸಂಸ್ಥೆಯಲ್ಲಿ ಸಂಬಳ ವಿಭಾಗ, ಮಾನವ ಸಂಪನ್ಮೂಲ ವಿಭಾಗ, ಹಣಕಾಸು ವಿಭಾಗ ಮೂರನ್ನೂ ಕೇಳಿದರೆ ಸಿಬ್ಬಂದಿಯ ಸಂಖ್ಯೆ ಮೂರು ಬಗೆಯಾಗಿ ಬರುತ್ತದೆ. ಗುತ್ತಿಗೆಯವರು, ದೀರ್ಘ ರಜೆಯಲ್ಲಿರುವವರು, ಅರೆಕಾಲಿಕರು ಲೆಕ್ಕದಲ್ಲಿದ್ದಾರೆಯೇ ಎಂಬುದನ್ನು ಮೊದಲ ದಿನವೇ ಬರಹದಲ್ಲಿ ತೀರ್ಮಾನಿಸಿ. ಗುತ್ತಿಗೆಯವರನ್ನು ಬಿಟ್ಟರೆ ಅವರು ಮಾಡುವ ಕೆಲಸವನ್ನೂ ಪಟ್ಟಿಯಿಂದ ಬಿಡಬೇಕು.

ಹೆಜ್ಜೆ 5: ಕೊರತೆಯನ್ನು ತೂಗಿ, ತುಂಬುವ ದಾರಿ ಆರಿಸಿ

ಕೊರತೆಯನ್ನು ಎರಡು ರೀತಿ ನೋಡಿ: ವ್ಯತ್ಯಾಸ ಮತ್ತು ಅನುಪಾತ. 20 ಬೇಕಾದಲ್ಲಿ 18 ಇರುವುದೂ 4 ಬೇಕಾದಲ್ಲಿ 2 ಇರುವುದೂ ಇಬ್ಬರ ಕೊರತೆಯೇ, ಮೊದಲನೆಯದು 0.9, ಎರಡನೆಯದು 0.5. ಸಿಕ್ಕ ಮೊದಲ ಹುದ್ದೆ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಬೇರೆ ವಾದ ಬೇಕಿಲ್ಲ.

ತುಂಬುವಾಗ ಈ ಕ್ರಮದಲ್ಲಿ ಯೋಚಿಸಿ: ಕೆಲಸವನ್ನೇ ಬಿಡಬಹುದೇ, ಸರಳಗೊಳಿಸಬಹುದೇ, ಯಂತ್ರಕ್ಕೆ ಒಪ್ಪಿಸಬಹುದೇ, ಒಳಗಿನವರಿಗೆ ಕಲಿಸಬಹುದೇ, ಕೆಲ ತಿಂಗಳ ಮಟ್ಟಿಗೆ ಗುತ್ತಿಗೆ ಸಾಕೇ, ಕಾಯಂ ನೇಮಕಾತಿಯೇ ಬೇಕೇ. ನೇಮಕಾತಿ ಕೊನೆಯಲ್ಲಿರುವುದು ಜಿಪುಣತನಕ್ಕಲ್ಲ. ಅದೊಂದೇ ಹಿಂತೆಗೆದುಕೊಳ್ಳಲು ಕಷ್ಟವಾದ ನಿರ್ಧಾರ. ಓವರ್‌ಟೈಮ್ ಈ ಪಟ್ಟಿಯಲ್ಲಿಲ್ಲ. ಒಂದೆರಡು ವಾರದ ಒತ್ತಡಕ್ಕೆ ಅದು ಸರಿ, ತಿಂಗಳುಗಟ್ಟಲೆ ನಡೆದರೆ ಮುಂದಿನ ರಾಜೀನಾಮೆಗಳಿಗೆ ನೀವೇ ದಾರಿ ಮಾಡಿಕೊಟ್ಟಂತೆ.

ಹೆಜ್ಜೆ 6: ಕ್ಯಾಲೆಂಡರನ್ನು ಹಿಂದಕ್ಕೆ ಎಣಿಸಿ

ಏಪ್ರಿಲ್ 1ಕ್ಕೆ ಒಬ್ಬರು ಪೂರ್ಣವಾಗಿ ಕೆಲಸ ಮಾಡುತ್ತಿರಬೇಕು. ಕಲಿಯಲು ಮೂರು ತಿಂಗಳು ಬೇಕಾದರೆ ಜನವರಿ 1ಕ್ಕೆ ಸೇರಬೇಕು. ಹಳೆಯ ಕಡೆ ಎರಡು ತಿಂಗಳ ನೋಟಿಸ್ ಅವಧಿ ಇದ್ದರೆ ನವೆಂಬರ್ 1ಕ್ಕೆ ನೇಮಕಾತಿ ಪತ್ರ ಕೈಯಲ್ಲಿರಬೇಕು. ಮಂಜೂರಾತಿ, ಜಾಹೀರಾತು, ಸಂದರ್ಶನಕ್ಕೆ ಎರಡು ತಿಂಗಳು ಹಿಡಿದರೆ ಸೆಪ್ಟೆಂಬರ್ 1ಕ್ಕೆ ಕೆಲಸ ಆರಂಭವಾಗಬೇಕು. ಬೆಂಕಿ ಬಿದ್ದಾಗ ಬಾವಿ ತೋಡುವ ಅಭ್ಯಾಸ ಬೆಳೆಯುವುದೇ ಈ ಏಳು ತಿಂಗಳನ್ನು ಮರೆತಾಗ. ನಿಮ್ಮ ಹಿಂದಿನ ಕೆಲವು ನೇಮಕಾತಿಗಳ ನಿಜವಾದ ದಿನಾಂಕಗಳನ್ನು ತೆಗೆದು ನೋಡಿ; ಅತಿ ಹೆಚ್ಚು ಸಮಯ ತಿಂದಿರುವುದು ಹೊರಗಿನ ಮಾರುಕಟ್ಟೆಯೋ ಒಳಗಿನ ಸಹಿಗಳೋ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ಹೆಜ್ಜೆ 7: ಒಂದೇ ಭವಿಷ್ಯಕ್ಕೆ ಕಟ್ಟುಬೀಳಬೇಡಿ

ಮೂರು ಚಿತ್ರಗಳು ಸಾಕು: ಕೆಲಸ ಈಗಿನಷ್ಟೇ, ಕಾಲು ಭಾಗ ಹೆಚ್ಚು, ಕಾಲು ಭಾಗ ಕಡಿಮೆ. ಮೂರರಲ್ಲೂ ಬೇಕಾಗುವ ಹುದ್ದೆಗಳನ್ನು ಈಗಲೇ ತುಂಬಿ. ಹೆಚ್ಚಿದಾಗ ಮಾತ್ರ ಬೇಕಾಗುವ ಹುದ್ದೆಗೆ ಒಂದು ಸೂಚನೆ ಕಟ್ಟಿಡಿ: ಉದಾಹರಣೆಗೆ ಅರ್ಜಿಗಳು ಸತತ ಎರಡು ತಿಂಗಳು 2,100 ದಾಟಿದರೆ ಒಂಬತ್ತನೆಯ ಹುದ್ದೆಯ ಜಾಹೀರಾತು ಹೊರಡಲಿ. ಸೂಚನೆಯನ್ನೂ ಹಣವನ್ನೂ ಮೊದಲೇ ಮಂಜೂರು ಮಾಡಿಸಿಕೊಂಡಿದ್ದರೆ ಆ ಹೊತ್ತಿಗೆ ಮತ್ತೊಂದು ಸಭೆ ಕರೆಯಬೇಕಾಗುವುದಿಲ್ಲ.

ಹೆಜ್ಜೆ 8: ಮರಳಿ ನೋಡಿ

ಸಣ್ಣ ಸಂಸ್ಥೆಯಲ್ಲಿ ಯಾರಾದರೂ ಸೇರಿದಾಗ ಅಥವಾ ಬಿಟ್ಟಾಗ ಹಾಳೆಯನ್ನು ತಿದ್ದಿದರೆ ಸಾಕು. ಮಧ್ಯಮ ಮತ್ತು ದೊಡ್ಡ ಸಂಸ್ಥೆಗಳು ಮೂರು ತಿಂಗಳಿಗೊಮ್ಮೆ ಅಂದಾಜನ್ನೂ ನಡೆದದ್ದನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ತಪ್ಪು ಎಲ್ಲಿದೆ ಎಂದು ಬಿಡಿಸಿ ಹುಡುಕಿ: ಕೆಲಸದ ಸಂಖ್ಯೆ ತಪ್ಪಿತೇ, ಒಂದಕ್ಕೆ ಹಿಡಿಯುವ ಹೊತ್ತು ತಪ್ಪಿತೇ, ಬಿಟ್ಟು ಹೋಗುವವರ ಅಂದಾಜು ತಪ್ಪಿತೇ? ಮೂರಕ್ಕೂ ಮದ್ದು ಬೇರೆ.

ಲೆಕ್ಕದಲ್ಲಿ ಜನ ಹೆಚ್ಚಿದ್ದಾರೆ ಎಂದು ಬಂದರೆ, ಬಿಟ್ಟು ಹೋದವರ ಜಾಗ ತುಂಬದಿದ್ದರಾಯಿತು ಎಂಬ ಸಲಹೆ ತಕ್ಷಣ ಬರುತ್ತದೆ. ಯಾರನ್ನೂ ತೆಗೆಯಬೇಕಿಲ್ಲವಾದ್ದರಿಂದ ಅದು ಮಾನವೀಯವೂ ಹೌದು. ತೊಂದರೆಯೆಂದರೆ, ಹೆಚ್ಚುವರಿ ಇರುವ ವಿಭಾಗದಿಂದಲೇ ಜನ ಹೋಗುತ್ತಾರೆ ಎಂಬ ಖಾತರಿಯಿಲ್ಲ. ಹೊರಗೆ ಬೇಡಿಕೆ ಇರುವವರೇ ಮೊದಲು ಹೋಗುತ್ತಾರೆ. ಹಾಗಾಗಿ ಪ್ರತಿ ರಾಜೀನಾಮೆ ಬಂದಾಗಲೂ ಆ ಹುದ್ದೆಯ ಸಾಲುಗಳನ್ನು ಮೊದಲ ಹೆಜ್ಜೆಯ ಪಟ್ಟಿಯಲ್ಲಿ ತೆರೆದು, ಗಂಟೆಗಳು ಈಗಲೂ ಇವೆಯೇ ಎಂದು ನೋಡಿ. ಇದ್ದರೆ ಹೆಚ್ಚುವರಿ ವಿಭಾಗದಲ್ಲಿ ಆ ಕೆಲಸಕ್ಕೆ 1 ಅಂಕ ಇರುವವರು ಯಾರಿದ್ದಾರೆ ಎಂದು ಹುಡುಕಿ ಅವರನ್ನು ಅಲ್ಲಿಗೆ ವರ್ಗಾಯಿಸಿ, 2 ಆಗಲು ಬೇಕಾದ ತಿಂಗಳುಗಳನ್ನು ಬಜೆಟ್‌ನಲ್ಲೇ ತೋರಿಸಿ.